ಕಳಲೆ ಹದ ಮಾಡುವುದು ಹೀಗೆ

ಮುಂಗಾರು ಮಳೆ ಹಿಡಿದು ನೆಲ ಚೆನ್ನಾಗಿ ನೆನೆದ ಮೇಲೆ ಬಿದಿರು ಮೆಳೆಯ ಬುಡದಲ್ಲಿ ದಪ್ಪ ಮೊಳಕೆಗಳು ಏಳುತ್ತವೆ. ಮಲೆನಾಡಿಗರ ಕಳಲೆ, ತುಳುವರ ಕಣಿಲೆ, ಕೊಡಗಿನ ಬೈಂಬಳೆ ಎಲ್ಲವೂ ಇದೇ. ಆಟಿ ತಿಂಗಳ ಸಂತೆಗಳಲ್ಲಿ ಇದು ಸಿಗುತ್ತದೆ. ಆದರೆ ತಂದ ದಿನವೇ ಒಗ್ಗರಣೆಗೆ ಹಾಕಬೇಡಿ. ಹಸಿ ಕಳಲೆಯಲ್ಲಿ ವಿಷವಿದೆ.

ಮೊದಲು ಕೊಯ್ಯುವ ವಿಷಯ. ಒಂದರಿಂದ ಒಂದೂವರೆ ಅಡಿ ಎತ್ತರದ ಕಳಲೆ ಅಡುಗೆಗೆ ಸರಿ. ಅದಕ್ಕಿಂತ ಬೆಳೆದರೆ ನಾರು ಜಾಸ್ತಿ. ಒಂದೇ ಮೆಳೆಯ ಮೊಳಕೆಗಳನ್ನೆಲ್ಲ ಕತ್ತರಿಸಬೇಡಿ. ಮುಂದಿನ ವರ್ಷದ ಬಿದಿರು ಅವೇ ಅಲ್ವಾ? ನಿಮ್ಮ ಜಮೀನಿನ ಬಿದಿರಿಗೆ ತೊಂದರೆಯಿಲ್ಲ. 2017ರ ತಿದ್ದುಪಡಿಯಲ್ಲಿ ಕಾಡಿನ ಹೊರಗೆ ಬೆಳೆದ ಬಿದಿರನ್ನು ಅರಣ್ಯ ಕಾಯ್ದೆಯ ಮರಗಳ ಪಟ್ಟಿಯಿಂದ ಕೈಬಿಟ್ಟಿದ್ದಾರೆ. ಕಾಡಿನೊಳಗಿನದು ಬೇರೆ ಮಾತು. ಅಲ್ಲಿ ಅದು ಆನೆಯ ಮೇವು, ಅರಣ್ಯ ಹಕ್ಕು ಇರುವ ಕುಟುಂಬಗಳ ಪಾಲು. ಉಳಿದವರು ಕೈ ಹಾಕದಿರುವುದೇ ಸರಿ.

ಇನ್ನು ಹೆಚ್ಚುವುದು. ಹೊರಸಿಪ್ಪೆಯ ಸುಂಕು ಚುಚ್ಚಿದರೆ ತುರಿಕೆಯಾಗುತ್ತದೆ, ಕೈಗೆ ಬಟ್ಟೆ ಸುತ್ತಿಕೊಳ್ಳಿ. ಉದ್ದಕ್ಕೆ ಸೀಳಿ ಸಿಪ್ಪೆಗಳನ್ನು ಬಿಡಿಸಿದರೆ ಒಳಗೆ ಬಿಳಿ ತಿರುಳು ಸಿಗುತ್ತದೆ. ಚಾಕು ಸಲೀಸಾಗಿ ಇಳಿಯುವ ಭಾಗ ಮಾತ್ರ ಇಟ್ಟುಕೊಳ್ಳಿ. ತೆಳ್ಳಗೆ, ಸಣ್ಣಗೆ ಹೆಚ್ಚಿ.

ಈಗ ಮುಖ್ಯ ಕೆಲಸ. ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ಅಂಶವಿದೆ. ಕಳಲೆಯನ್ನು ಕತ್ತರಿಸಿದಾಗ, ಜಗಿದಾಗ ಅದು ಒಡೆದು ಸೈನೈಡ್ ಹೊರಬರುತ್ತದೆ. ತೆಳ್ಳಗೆ ಹೆಚ್ಚಿದಷ್ಟೂ ಅದು ನೀರಿಗೆ ಬೇಗ ಇಳಿಯುತ್ತದೆ. ಅದಕ್ಕೇ ನಮ್ಮ ಹಿರಿಯರು ಮೂರು ದಿನ ನೆನೆಸುತ್ತಿದ್ದರು. ಹೋಳು ಮುಳುಗುವಷ್ಟು ನೀರು ಹಾಕಿ, ದಿನಕ್ಕೊಮ್ಮೆಯಾದರೂ ಹಳೆಯ ನೀರು ಚೆಲ್ಲಿ ಹೊಸದು ತುಂಬಿಸಿ. ಚೆಲ್ಲುವಾಗ ದನಕರು ಬಾಯಿ ಹಾಕದ ಜಾಗ ನೋಡಿಕೊಳ್ಳಿ. ಎರಡನೇ ದಿನದಿಂದ ಹುಳಿವಾಸನೆ ಬರುತ್ತದೆ. ಹೆದರಬೇಡಿ, ಅದು ಕಳಲೆಯ ಗುಣವೇ.

ಆಮೇಲೆ ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸಿ. ಪಾತ್ರೆಗೆ ಮುಚ್ಚಳ ಬೇಡ. ಆ ವಿಷ ಸುಮಾರು 26 ಡಿಗ್ರಿಗೇ ಆವಿಯಾಗುವಂಥದ್ದು, ಅದು ಹೊರಗೆ ಹೋಗಲು ದಾರಿ ಬೇಕು. ನೀರು ಬಸಿದು ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ. ಕಹಿ ಅನಿಸಿದರೆ ಉಗಿದು, ನೀರು ಬದಲಿಸಿ ಮತ್ತೆ ಕುದಿಸಿ. ಈ ವಿಷಯದಲ್ಲಿ ಮಾತ್ರ ಅವಸರ ಬೇಡ.

ಇಷ್ಟಾದರೆ ಅಡುಗೆ ಸುಲಭ. ನನಗೆ ಇಷ್ಟವಾದದ್ದು ಕರಾವಳಿಯ ಕಣಿಲೆ-ಪದೆಂಜಿ ಗಸಿ. ಮೊಳಕೆ ಬಂದ ಹೆಸರುಕಾಳನ್ನು ಕಳಲೆ ಜೊತೆ ಬೇಯಿಸಿ. ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತ್ಯವನ್ನು ತೆಂಗಿನತುರಿ, ಹುಣಸೆಹಣ್ಣಿನೊಂದಿಗೆ ನುಣ್ಣಗೆ ರುಬ್ಬಿ ಹಾಕಿ ಕುದಿಸಿ. ಮೇಲೆ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ. ಕೊಡಗಿನವರು ಬೈಂಬಳೆ ಕರಿಯನ್ನು ಅಕ್ಕಿ ರೊಟ್ಟಿಗೆ ನೆಂಚಿಕೊಳ್ಳುತ್ತಾರೆ, ಅದೂ ಒಳ್ಳೆಯ ಜೋಡಿ.

ಜಾಸ್ತಿ ಸಿಕ್ಕಿದ್ದರೆ ಹೋಳುಗಳನ್ನು ಗಟ್ಟಿ ಉಪ್ಪುನೀರಿನಲ್ಲಿ ಮುಳುಗಿಸಿ ಭರಣಿಯಲ್ಲಿ ಇಡುವುದು ಹಳೆಯ ರೂಢಿ. ಬೇಕಾದಾಗ ತೆಗೆದು, ಉಪ್ಪು ಬಿಡುವ ತನಕ ಸಿಹಿನೀರಿನಲ್ಲಿ ನೆನೆಸಿ, ಮತ್ತೊಮ್ಮೆ ಕುದಿಸಿ ಬಸಿದು ಬಳಸಿ.