ಓವನ್ ಬೇಡದ ಹಣ್ಣಿನ ಕ್ರೀಮ್ ಸಲಾಡ್: ಮೂರು ಸಲ ಕೆಡಿಸಿ ಕಲಿತದ್ದು

ಮೊದಲ ಸಲ ನಾನು ಮಾಡಿದ ಕ್ರೀಮ್ ಸಲಾಡನ್ನು ಲೋಟಕ್ಕೆ ಸುರಿದು ಕುಡಿಯಬಹುದಿತ್ತು. ಕುಡಿದಿದ್ದರೂ ಸುಖವಿರಲಿಲ್ಲ, ಯಾಕೆಂದರೆ ಅದು ಕಹಿಯಾಗಿತ್ತು. ಹಿಂದಿನ ರಾತ್ರಿ ಫ್ರಿಜ್‌ನಲ್ಲಿ ಇಡುವಾಗ ದಪ್ಪಗೆ, ಬೆಳ್ಳಗೆ, ಚಮಚ ನೆಟ್ಟರೆ ನಿಲ್ಲುವ ಹಾಗಿತ್ತು. ಮರುದಿನ ಮಧ್ಯಾಹ್ನ ಮುಚ್ಚಳ ತೆಗೆದರೆ ಹಳದಿ ನೀರಿನಲ್ಲಿ ಮಾವಿನ ಹೋಳುಗಳು ತೇಲುತ್ತಿದ್ದವು. ಊಟಕ್ಕೆ ಕರೆದಿದ್ದವರಿಗೆ ಉಳಿದ ಹಣ್ಣನ್ನೇ ಹೆಚ್ಚಿ ಕೊಟ್ಟೆ. ಅವರೇನೋ ಖುಷಿಯಾಗಿ ತಿಂದರು. ನನಗೆ ಮಾತ್ರ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಹಣ್ಣು ಚೆನ್ನಾಗಿತ್ತು, ಕ್ರೀಮ್ ಹೊಸದು, ಸಕ್ಕರೆ ಸರಿಯಾಗಿತ್ತು. ಮತ್ತೆ ಕಹಿ ಎಲ್ಲಿಂದ ಬಂತು?

ಅನಾನಸಿನಿಂದ ಬಂತು. ಹಸಿ ಅನಾನಸಿನಲ್ಲಿ ಬ್ರೊಮೆಲೈನ್ ಅನ್ನುವ ಕಿಣ್ವ ಇದೆ. ಪ್ರೋಟೀನನ್ನು ತುಂಡು ಮಾಡುವುದೇ ಅದರ ಕೆಲಸ. ಅನಾನಸ್ ಜಾಸ್ತಿ ತಿಂದರೆ ನಾಲಿಗೆ ಚುರುಚುರು ಅನ್ನುತ್ತದಲ್ವಾ, ಅದಕ್ಕೆ ಇದೂ ಒಂದು ಕಾರಣ. ಈ ಕಿಣ್ವ ಹಾಲು, ಮೊಸರು, ಕ್ರೀಮಿನ ಜೊತೆ ಸೇರಿದರೆ ಅವುಗಳ ಪ್ರೋಟೀನನ್ನೂ ಬಿಡುವುದಿಲ್ಲ. ಹಾಗೆ ಒಡೆದ ಚೂರುಗಳಲ್ಲಿ ಕೆಲವು ನಾಲಿಗೆಗೆ ಕಹಿ. ಬೆರೆಸಿದ ಕೂಡಲೇ ತಿಂದರೆ ಗೊತ್ತಾಗುವುದಿಲ್ಲ. ಒಂದು ರಾತ್ರಿ ಬಿಟ್ಟರೆ ಗೊತ್ತಾಗದೆ ಇರುವುದಿಲ್ಲ.

ಇದು ತಿಳಿದ ಮೇಲೂ ಎರಡನೇ ಸಲ ಕೆಡಿಸಿದೆ. ಫ್ರೀಜರ್‌ನಲ್ಲಿ ಗಟ್ಟಿಯಾದ ಅನಾನಸ್ ಹಾಕಿದರೆ ಕಿಣ್ವ ಸತ್ತಿರುತ್ತದೆ ಅಂತ ನಾನೇ ಅಂದುಕೊಂಡುಬಿಟ್ಟೆ. ಚಳಿಗೆ ಅದು ಸಾಯುವುದಿಲ್ಲ, ಸುಮ್ನೆ ಮಲಗಿರುತ್ತದೆ. ಮಂಜು ಕರಗಿದ ಮೇಲೆ ಎದ್ದು ಮತ್ತೆ ಕೆಲಸಕ್ಕೆ ಹೋಗುತ್ತದೆ. ಅದನ್ನು ಕೊಲ್ಲುವುದು ಬಿಸಿ ಮಾತ್ರ. ಡಬ್ಬಿಯ ಅನಾನಸನ್ನು ತುಂಬುವಾಗಲೇ ಬಿಸಿ ಮಾಡಿರುತ್ತಾರೆ, ಹಾಗಾಗಿ ಅದು ಕ್ರೀಮಿನ ಜೊತೆ ಜಗಳವಾಡುವುದಿಲ್ಲ. ತಾಜಾ ಹಣ್ಣೇ ಬೇಕೆಂದರೆ ಒಲೆ ಹಚ್ಚಬೇಕು. ಓವನ್ ಬೇಡ ಅನ್ನುವ ಮಾತು ನಿಜ, ಆದರೆ ಒಲೆಯೂ ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ.

ನಾನೀಗ ಮಾಡುವುದು ಹೀಗೆ. ಎರಡು ಕಪ್ ಅನಾನಸ್ ಹೋಳುಗಳನ್ನು, ಹೆಚ್ಚುವಾಗ ಸುರಿದ ರಸದ ಸಮೇತ, ಅಗಲವಾದ ಬಾಣಲೆಗೆ ಹಾಕುತ್ತೇನೆ. ಎರಡು ಚಮಚ ಸಕ್ಕರೆ. ನೀರು ಬೇಡ. ಎರಡು ನಿಮಿಷಕ್ಕೆ ಹಣ್ಣೇ ನೀರು ಬಿಡುತ್ತದೆ, ಆಮೇಲೆ ಕುದಿಯುತ್ತದೆ. ಕುದಿ ಬಂದ ಮೇಲೆ ಐದಾರು ನಿಮಿಷ, ಹೋಳಿನ ಒಳಗೂ ಬಿಸಿ ಇಳಿಯುವವರೆಗೆ, ನಡುನಡುವೆ ಮಗುಚುತ್ತಾ ಇರುತ್ತೇನೆ. ಆಮೇಲೆ ಹೋಳುಗಳನ್ನು ಜರಡಿಗೆ ಸುರಿದು, ಕೆಳಗೆ ಇಳಿದ ರಸವನ್ನು ಮತ್ತೆ ಬಾಣಲೆಗೆ ಹಾಕಿ, ಜೇನಿನಷ್ಟು ಮಂದವಾಗುವವರೆಗೆ ಕಾಯಿಸುತ್ತೇನೆ. ಅರ್ಧ ಕಪ್ ರಸ ಎರಡು ಮೂರು ಚಮಚಕ್ಕೆ ಇಳಿಯುತ್ತದೆ. ಅನಾನಸಿನ ಘಮ ಎಲ್ಲ ಅದರೊಳಗೆ ಕೂತಿರುತ್ತದೆ. ಮೊದಲೆಲ್ಲ ಈ ರಸವನ್ನು ಸಿಂಕಿಗೆ ಚೆಲ್ಲುತ್ತಿದ್ದೆ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಹೋಳು, ರಸ ಎರಡೂ ಪೂರ್ತಿ ತಣ್ಣಗಾಗಬೇಕು. ಬೆರಳಿಗೆ ಬೆಚ್ಚಗೆ ತಾಗಿದರೂ ಕ್ರೀಮ್ ಕರಗುತ್ತದೆ. ಹಾಗಾಗಿ ಈ ಕೆಲಸವನ್ನು ಹಿಂದಿನ ದಿನವೇ ಮುಗಿಸಿ ಫ್ರಿಜ್‌ನಲ್ಲಿ ಇಟ್ಟುಬಿಡುತ್ತೇನೆ.

ಕಹಿ ಹೋಯಿತು, ನೀರು ಉಳಿಯಿತು. ಮೂರನೇ ಸಲದ ಸೋಲು ನೀರಿನದ್ದು. ಹಣ್ಣು ಅಂದರೆ ಹೆಚ್ಚೂಕಡಿಮೆ ನೀರೇ ಅನ್ನುವುದನ್ನು ನಾವು ಮರೆತಿರುತ್ತೇವೆ. ನೂರು ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 75 ಗ್ರಾಂ ನೀರು, ಮಾವಿನಲ್ಲಿ 83, ಅನಾನಸಿನಲ್ಲಿ 86, ಕಲ್ಲಂಗಡಿಯಲ್ಲಿ 91. ಹೆಚ್ಚಿದ ಹಣ್ಣಿಗೆ ಸಕ್ಕರೆ ತಾಗಿದರೆ ಒಳಗಿನ ನೀರು ಹೊರಗೆ ಬರುತ್ತದೆ. ಉಪ್ಪು ಹಚ್ಚಿದ ಸೌತೆಕಾಯಿ ನೀರು ಬಿಡುವ ಹಾಗೆಯೇ ಇದು. ನಾನು ಮಾಡಿದ್ದೇನು? ಆಗ ತಾನೇ ಹೆಚ್ಚಿದ ಮಾವಿನ ಮೇಲೆ ಕಂಡೆನ್ಸ್ಡ್ ಮಿಲ್ಕ್ ಸುರಿದೆ, ಮೇಲೆ ಎರಡು ಚಮಚ ಸಕ್ಕರೆ ಬೇರೆ. ನಾಲ್ಕು ಗಂಟೆಯಲ್ಲಿ ಬಟ್ಟಲಿನ ತಳ ಕೆರೆಯಾಗಿತ್ತು.

ಈಗ ಹಣ್ಣಿಗೆ ಸಕ್ಕರೆ ತಾಗಿಸುವುದೇ ಇಲ್ಲ, ಅನಾನಸ್ ಒಂದನ್ನು ಬಿಟ್ಟು. ಮಾವನ್ನು ಒಂದೂವರೆ ಸೆಂಟಿಮೀಟರ್ ಚೌಕಗಳಾಗಿ ಹೆಚ್ಚಿ ಜರಡಿಯಲ್ಲಿ 20 ನಿಮಿಷ ಬಿಡುತ್ತೇನೆ. ಆಮೇಲೆ ಒಣ ಬಟ್ಟೆಯ ಮೇಲೆ ಹರಡಿ ಮೆಲ್ಲಗೆ ಒತ್ತುತ್ತೇನೆ. ತೀರಾ ಸಣ್ಣಗೆ ಹೆಚ್ಚಿದರೆ ಕೊಯ್ದ ಮೈ ಜಾಸ್ತಿ, ನೀರೂ ಜಾಸ್ತಿ. ದೊಡ್ಡದಾದರೆ ಚಮಚಕ್ಕೆ ಹಣ್ಣು ಒಂದೇ ಬರುತ್ತದೆ, ಕ್ರೀಮ್ ಜಾರಿಹೋಗುತ್ತದೆ. ಮಾವು ಹಣ್ಣಾಗಿರಬೇಕು, ಆದರೆ ಹಿಸುಕಿದರೆ ಬೆರಳು ಒಳಗೆ ಹೋಗಬಾರದು. ನಾರಿನ ಮಾವು ಈ ಕೆಲಸಕ್ಕೆ ಬೇಡವೇ ಬೇಡ. ಎಷ್ಟೇ ಸಿಹಿಯಿದ್ದರೂ ನುಣ್ಣಗಿನ ಕ್ರೀಮಿನ ನಡುವೆ ಹಲ್ಲಿಗೆ ಸಿಕ್ಕುವ ನಾರು ಮೂಡ್ ಕೆಡಿಸುತ್ತದೆ.

ಬೇರೆ ಹಣ್ಣುಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಕಲ್ಲಂಗಡಿ ಹಾಕಬೇಡಿ. ಕಿವಿ ಹಣ್ಣಿನಲ್ಲೂ ಅನಾನಸಿನಂಥದ್ದೇ ಕಿಣ್ವ ಇದೆ, ಹಾಗಾಗಿ ತಿನ್ನುವ ಹೊತ್ತಿಗೆ ಮೇಲೆ ಎರಡು ಬಿಲ್ಲೆ ಇಡಲಿಕ್ಕೆ ಮಾತ್ರ ಅದು. ಪಪ್ಪಾಯಕ್ಕೂ ಅದೇ ಮಾತು. ಪ್ಯಾಶನ್ ಫ್ರೂಟ್ ಸಿಕ್ಕರೆ ಅದರ ಬೀಜ ರಸ ಎರಡನ್ನೂ ಕೊನೆಗೆ ಮೇಲೆ ಸುರಿಯಿರಿ. ಆ ಹುಳಿ ಇಡೀ ಬಟ್ಟಲನ್ನು ಎಬ್ಬಿಸುತ್ತದೆ. ಬಾಳೆಹಣ್ಣು ಬೇಕೇ ಬೇಕು, ಆದರೆ ಅದು ಬಡಿಸುವ ಮೊದಲ ಹತ್ತು ನಿಮಿಷದ ಕೆಲಸ. ಕೊಯ್ದು ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ನಿಂಬೆರಸದ ಹುಳಿ ಅದನ್ನು ನಿಧಾನ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ.

ಈಗ ಕ್ರೀಮ್. ಇಲ್ಲಿಯೂ ನಾನು ಒಂದು ಮಧ್ಯಾಹ್ನ ದಂಡ ಮಾಡಿದ್ದೇನೆ. ಕೈಗೆ ಸಿಕ್ಕ ಪೊಟ್ಟಣ ತಂದು ಬೀಟರ್ ಹಿಡಿದು ಕಾಲು ಗಂಟೆ ತಿರುಗಿಸಿದೆ. ಬರೀ ನೊರೆ ಬಂತು. ಪೊಟ್ಟಣ ತಿರುಗಿಸಿ ನೋಡಿದರೆ ಕೊಬ್ಬು 20 ಪರ್ಸೆಂಟ್! ಕ್ರೀಮ್ ಉಬ್ಬಿ ನಿಲ್ಲಬೇಕೆಂದರೆ ಕೊಬ್ಬು ಕಡಿಮೆಯೆಂದರೂ 30 ಪರ್ಸೆಂಟ್ ಇರಬೇಕು, 35 ಇದ್ದರೆ ಕೆಲಸ ಸಲೀಸು. ಗಾಳಿಯ ಗುಳ್ಳೆಗಳನ್ನು ಸುತ್ತಿ ಹಿಡಿಯುವುದು ಆ ಕೊಬ್ಬಿನ ಕಣಗಳೇ. ಅವು ತಣ್ಣಗೆ, ಗಟ್ಟಿಯಾಗಿ ಇದ್ದರೆ ಮಾತ್ರ ಒಂದಕ್ಕೊಂದು ಅಂಟಿ ನಿಲ್ಲುತ್ತವೆ. ಅದಕ್ಕೇ ಬಟ್ಟಲು, ಬೀಟರ್ ಕಡ್ಡಿ ಎರಡನ್ನೂ ಫ್ರೀಜರ್‌ನಲ್ಲಿ 15 ನಿಮಿಷ ಇಡುತ್ತೇನೆ.

ಆರು ಜನಕ್ಕೆ 250 ಮಿಲಿಲೀಟರ್ ಕ್ರೀಮ್ ಸಾಕು. ಮೊದಲು ನಿಧಾನ, ಆಮೇಲೆ ಮಧ್ಯಮ ವೇಗ. ಬೀಟರ್ ಎತ್ತಿದಾಗ ತುದಿ ಎದ್ದು ನಿಂತು ಮೆಲ್ಲಗೆ ಬಾಗಬೇಕು. ಅಲ್ಲಿಗೆ ನಿಲ್ಲಿಸಿ. ಇನ್ನೂ ಸ್ವಲ್ಪ ಅಂತ ಆಸೆಪಟ್ಟು ನಾನು ಒಂದು ಸಲ ಬೆಣ್ಣೆ ತೆಗೆದಿದ್ದೇನೆ. ಕ್ರೀಮ್ ಸ್ವಲ್ಪ ತರಿತರಿಯಾಗಿದ್ದರೆ ಉಪಾಯ ಇದೆ: ಒಂದೆರಡು ಚಮಚ ಹಸಿ ಕ್ರೀಮ್ ಹಾಕಿ ಕೈಯಲ್ಲೇ ಮೆಲ್ಲಗೆ ತಿರುಗಿಸಿದರೆ ನುಣುಪು ವಾಪಸ್ ಬರುತ್ತದೆ. ಬೆಣ್ಣೆ, ನೀರು ಬೇರೆ ಬೇರೆ ಆಗಿಹೋದರೆ ಬ್ರೆಡ್ ತನ್ನಿ, ಅಷ್ಟೇ.

ಬರೀ ಕ್ರೀಮ್ ಹಾಕಿದರೆ ಬಾಯಲ್ಲಿ ಜಿಡ್ಡು ಜಿಡ್ಡು ಅನಿಸುತ್ತದೆ. ಎರಡೇ ಚಮಚಕ್ಕೆ ಸಾಕಾಗುತ್ತದೆ. ಅದಕ್ಕೆ ನಾನು 200 ಗ್ರಾಂ ಗಟ್ಟಿ ಮೊಸರು ಸೇರಿಸುತ್ತೇನೆ. ಇದು ರಾತ್ರಿಯೆಲ್ಲ ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನಲ್ಲೇ ನೀರು ಬಸಿದದ್ದು. ಬಸಿಯದ ಮೊಸರು ಹಾಕಿದರೆ ಇಷ್ಟು ಹೊತ್ತು ಹಣ್ಣಿನಿಂದ ತೆಗೆದ ನೀರನ್ನೆಲ್ಲ ಮೊಸರಿನಿಂದ ವಾಪಸ್ ಸುರಿದ ಹಾಗಾಯಿತು. ಮೊಸರಿಗೆ 100 ಗ್ರಾಂ ಕಂಡೆನ್ಸ್ಡ್ ಮಿಲ್ಕ್, ಒಂದು ದೊಡ್ಡ ಚಮಚ ನಿಂಬೆರಸ, ಒಂದು ಚಿಟಿಕೆ ಉಪ್ಪು, ತಣ್ಣಗಾದ ಅನಾನಸ್ ಪಾಕ. ತಿರುಗಿಸುತ್ತಾ ಇದ್ದ ಹಾಗೆ ಅದು ಮಂದವಾಗುವುದು ಕಣ್ಣಿಗೇ ಕಾಣುತ್ತದೆ. ನಿಂಬೆಯ ಹುಳಿ ಕಂಡೆನ್ಸ್ಡ್ ಮಿಲ್ಕಿನ ಪ್ರೋಟೀನನ್ನು ಒಟ್ಟುಗೂಡಿಸುವುದರಿಂದ ಹೀಗಾಗುತ್ತದೆ. ಜೆಲಟಿನ್ ಇಲ್ಲ, ಕಾರ್ನ್‌ಫ್ಲೋರ್ ಇಲ್ಲ. ಇಡೀ ತಯಾರಿಯಲ್ಲಿ ನನಗೆ ತುಂಬ ಇಷ್ಟವಾದ ಗಳಿಗೆ ಇದೇ.

ಈ ಹಂತದಲ್ಲಿ ರುಚಿ ನೋಡಿ, ಸಿಹಿ ಒಂದು ಹೆಜ್ಜೆ ಜಾಸ್ತಿ ಅನಿಸಬೇಕು. ತಣ್ಣಗಿರುವ ತಿಂಡಿಯ ಸಿಹಿ ನಾಲಿಗೆಗೆ ಕಡಿಮೆಯಾಗಿಯೇ ತಾಗುತ್ತದೆ. ಈಗ ಸರಿಯಾಗಿದೆ ಅನಿಸಿದ್ದು ಫ್ರಿಜ್‌ನಿಂದ ಬಂದಾಗ ಸಪ್ಪೆ.

ಬೆರೆಸುವಾಗ ಆತುರ ಬೇಡ. ಮೊದಲು ಮೊಸರಿನ ಮಿಶ್ರಣಕ್ಕೆ ಮೂರನೇ ಒಂದು ಪಾಲು ಕ್ರೀಮ್ ಹಾಕಿ ಸಡಿಲ ಮಾಡುತ್ತೇನೆ. ಉಳಿದದ್ದನ್ನು ಆಮೇಲೆ ಮಡಚಿ ಮಡಚಿ ಸೇರಿಸುತ್ತೇನೆ. ಸ್ಪ್ಯಾಚುಲಾ ನಡುವೆ ಇಳಿಸುವುದು, ತಳ ಸವರಿ ಮೇಲಕ್ಕೆ ತರುವುದು, ಬಟ್ಟಲನ್ನು ಸ್ವಲ್ಪ ತಿರುಗಿಸುವುದು. ಹತ್ತು ಹನ್ನೆರಡು ಸಲ ಸಾಕು. ಅಲ್ಲೊಂದು ಇಲ್ಲೊಂದು ಬಿಳಿ ಗೆರೆ ಉಳಿದರೆ ಉಳಿಯಲಿ. ಆಮೇಲೆ ಎರಡು ಕಪ್ ಮಾವು, ಬೇಯಿಸಿದ ಅನಾನಸ್, ಮತ್ತು ಕಾಲು ಕಪ್ ಒಣ ತೆಂಗಿನ ತುರಿ.

ಆ ತುರಿಯ ಬಗ್ಗೆ ಎರಡು ಮಾತು. ನಾನು ಮೊದಲು ರುಚಿಗೆ ಅಂತ ಹಾಕಿದ್ದೆ. ಒಂದು ಸಲ ಮರೆತಾಗ ಸಲಾಡ್ ತೆಳ್ಳಗಾಯಿತು. ಆಗ ಅರ್ಥವಾಯಿತು, ಒಣ ತುರಿ ಹಣ್ಣು ಬಿಡುವ ನೀರನ್ನು ಕುಡಿದು ಮೆತ್ತಗಾಗುತ್ತದೆ. ಎಷ್ಟೇ ಬಸಿದರೂ ಹಣ್ಣು ಒಂದಿಷ್ಟು ನೀರು ಬಿಟ್ಟೇ ಬಿಡುತ್ತದೆ, ಅದನ್ನು ಹಿಡಿಯಲಿಕ್ಕೆ ಒಳಗೇ ಒಬ್ಬ ಕಾವಲುಗಾರ ಬೇಕು. ಹಸಿ ತುರಿಗೆ ಈ ಕೆಲಸ ಬರುವುದಿಲ್ಲ. ಇನ್ನೊಂದು ಕಾಲು ಕಪ್ ತುರಿಯನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು ಬೇರೆ ಡಬ್ಬಿಯಲ್ಲಿ ಇಡುತ್ತೇನೆ. ಅದು ಬಡಿಸುವಾಗ ಮೇಲೆ ಉದುರಿಸಲಿಕ್ಕೆ. ಹುರಿಯುವಾಗ ಫೋನ್ ಎತ್ತಬೇಡಿ. ಬಿಳಿಯಿಂದ ಕೆಂಪಿಗೆ ಐದು ನಿಮಿಷ ಬೇಕು, ಕೆಂಪಿನಿಂದ ಕಪ್ಪಿಗೆ ಅರ್ಧ ನಿಮಿಷ ಸಾಕು.

ಮುಚ್ಚಿ ಫ್ರಿಜ್‌ನಲ್ಲಿ ಎರಡು ಗಂಟೆ ಇಡುತ್ತೇನೆ. ನಾಲ್ಕು ಗಂಟೆಯಾದರೆ ಇನ್ನೂ ಚೆನ್ನ, ರುಚಿಗಳು ಒಂದಕ್ಕೊಂದು ಬೆರೆತಿರುತ್ತವೆ. ಬಡಿಸುವ ಮೊದಲು ಎರಡು ಬಾಳೆಹಣ್ಣು ಕೊಯ್ದು, ನಿಂಬೆರಸ ಸವರಿ, ಮೆಲ್ಲಗೆ ಸೇರಿಸಿ, ಮೇಲೆ ಹುರಿದ ತುರಿ. ಹೊರಗೆ ಮೇಜಿನ ಮೇಲೆ ಎರಡು ಗಂಟೆಗಿಂತ ಜಾಸ್ತಿ ಇಡುವುದಿಲ್ಲ. ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಹಾಲಿನ ಪದಾರ್ಥ, ಕೆಟ್ಟರೂ ಮೊದಲಿಗೆ ವಾಸನೆಯಲ್ಲಿ ಗೊತ್ತಾಗುವುದಿಲ್ಲ.

ಹಾಲು ತಿನ್ನದ ಗೆಳತಿಯೊಬ್ಬಳಿಗಾಗಿ ಇದನ್ನೇ ತೆಂಗಿನ ಹಾಲಿನಲ್ಲಿ ಮಾಡಿದ್ದೇನೆ. ಪೂರ್ತಿ ಕೊಬ್ಬಿರುವ ತೆಂಗಿನ ಹಾಲಿನ ಡಬ್ಬಿಯನ್ನು ರಾತ್ರಿಯೆಲ್ಲ ಫ್ರಿಜ್‌ನಲ್ಲಿ ಇಟ್ಟು, ಅಲುಗಾಡಿಸದೆ ತೆರೆದು, ಮೇಲೆ ಗಟ್ಟಿಯಾಗಿ ನಿಂತ ಕೆನೆಯನ್ನು ಮಾತ್ರ ತೆಗೆದು ಪುಡಿ ಸಕ್ಕರೆಯ ಜೊತೆ ಬೀಟ್ ಮಾಡುವುದು. ಹಾಲಿನ ಕ್ರೀಮಿನಷ್ಟು ಉಬ್ಬುವುದಿಲ್ಲ, ಆದರೆ ಮಾವಿನ ಜೊತೆ ಅದರ ಜೋಡಿಯೇ ಬೇರೆ. ನಿಜ ಹೇಳಬೇಕೆಂದರೆ ರುಚಿಯಲ್ಲಿ ನನಗೆ ಅದೇ ಒಂದು ಕೈ ಮೇಲೆ. ಕೆಲವು ಡಬ್ಬಿಗಳಲ್ಲಿ ಕೆನೆ ಬೇರೆಯಾಗುವುದೇ ಇಲ್ಲ. ಹಾಗಾಗಿ ಯಾವಾಗಲೂ ಎರಡು ಡಬ್ಬಿ ತಣ್ಣಗೆ ಮಾಡಿಟ್ಟುಕೊಂಡಿರುತ್ತೇನೆ.

ಉಳಿದ ಸಲಾಡ್ ಮರುದಿನಕ್ಕೆ ಇಟ್ಟರೆ ತಿನ್ನಬಹುದು, ಆದರೆ ಬಾಳೆಹಣ್ಣು ಕಪ್ಪಾಗಿ, ಅಂಚಿನಲ್ಲಿ ನೀರು ನಿಂತು, ನೋಡಲಿಕ್ಕೆ ಪಾಪ ಅನಿಸುತ್ತದೆ. ನಾನು ಅದೇ ರಾತ್ರಿ ಬಾಳೆಹಣ್ಣಿನ ಚೂರುಗಳನ್ನು ಆರಿಸಿ ತಿಂದು, ಉಳಿದದ್ದನ್ನು ಸಣ್ಣ ಕಪ್‌ಗಳಿಗೆ ತುಂಬಿ ಫ್ರೀಜರ್‌ಗೆ ಹಾಕುತ್ತೇನೆ. ಕರಗಿಸಿದರೆ ಮತ್ತೆ ನೀರಾಗುತ್ತದೆ, ಆದ್ದರಿಂದ ಕರಗಲು ಬಿಡುವುದಿಲ್ಲ. ಐದು ನಿಮಿಷ ಹೊರಗಿಟ್ಟು, ಚಮಚ ಇಳಿಯುವಷ್ಟು ಮೆತ್ತಗಾದ ಕೂಡಲೇ ಕೆರೆದು ಕೆರೆದು ತಿನ್ನುವುದು. ಮೊನ್ನೆ ಮನೆಯಲ್ಲಿ ಒಬ್ಬರು, ಸಲಾಡ್ ಯಾಕೆ, ನೇರವಾಗಿ ಇದನ್ನೇ ಮಾಡು ಅಂದರು.