ಕಮಾನು ಅಕ್ಷರ ಇಂಕ್‌ಸ್ಕೇಪ್‌ನಲ್ಲೇ ಆಯಿತು: ನನ್ನ ಅನುಭವ

ಗಿರಾಕಿಯ ಬೋರ್ಡಿಗೆ ಕನ್ನಡ ಅಕ್ಷರಗಳನ್ನು ಕಮಾನಿನ ಹಾಗೆ ಬಗ್ಗಿಸಬೇಕಿತ್ತು. ನಾನು ಬಳಸೋದು ಇಂಕ್‌ಸ್ಕೇಪ್, ಬಿಟ್ಟಿ ಸಿಗುವ ಚಿತ್ರ ಬಿಡಿಸುವ ಸಾಫ್ಟ್‌ವೇರ್. "ಇಂಕ್‌ಸ್ಕೇಪ್‌ನಲ್ಲಿ ಅದೆಲ್ಲ ಆಗಲ್ಲ, ದುಡ್ಡು ಕೊಟ್ಟು ಇಲ್ಲಸ್ಟ್ರೇಟರ್ ತಗೋ" ಎಂದವರು ನಾಲ್ಕು ಜನವಾದರೂ ಇದ್ದರು. ಈಗ ಬೋರ್ಡು ಗೋಡೆ ಮೇಲಿದೆ. ಎರಡು ಸಾಲು ಕನ್ನಡ. ಮೇಲಿನ ಸಾಲಿನ ತಲೆ ಕಮಾನು, ಕೆಳಗಿನ ಸಾಲಿನ ಹೊಟ್ಟೆ ಕಮಾನು, ನಡುವೆ ನೇರ. ಆದರೆ ಮೂರು ವಾರದ ಸಂಜೆಗಳು ಇದಕ್ಕೇ ಹೋದವು.

ಮೊದಲು ಪುಟ್ ಆನ್ ಪಾತ್, ಅಂದರೆ ಅಕ್ಷರಗಳನ್ನು ಒಂದು ಗೆರೆಯ ಮೇಲೆ ಕೂರಿಸುವ ಆಯ್ಕೆ. ಎಲ್ಲರೂ ಅಲ್ಲೇ ಶುರು ಮಾಡೋದು ಅಲ್ವಾ? ಅದು ಅಕ್ಷರವನ್ನು ತಿರುಗಿಸುತ್ತದೆ ಅಷ್ಟೇ, ಬಗ್ಗಿಸುವುದಿಲ್ಲ. ಉಬ್ಬಿದ ಗೆರೆ ಮೇಲೆ ಕೂರಿಸಿದರೆ ತಲೆಕಟ್ಟುಗಳು ದೂರ ದೂರ, ಕೆಳಗಿನ ಒತ್ತುಗಳು ಒಂದಕ್ಕೊಂದು ಡಿಕ್ಕಿ. ಆಮೇಲೆ ಬೆಂಡ್, ಇಡೀ ಸಾಲನ್ನು ಬಗ್ಗಿಸುವ ಆಯ್ಕೆ. ಅದರಲ್ಲಿ ತಲೆ, ಬುಡ ಎರಡೂ ಒಟ್ಟಿಗೆ ಬಾಗುತ್ತವೆ, ನನಗೆ ಒಂದೇ ಬದಿ ಬಾಗಬೇಕಿತ್ತು.

ಕೊನೆಗೆ ಎನ್ವೆಲಪ್ ಡಿಫಾರ್ಮೇಶನ್. ಸಾಲಿನ ಸುತ್ತ ನಾಲ್ಕು ಅಂಚು, ಒಂದೊಂದನ್ನೂ ಬೇರೆ ಬೇರೆ ಎಳೆಯಬಹುದು. ಸರಿ ಹೋಯಿತು ಅಂದುಕೊಂಡೆ. ನೋಡಿದರೆ ಒಂದು ಸಾಲಿನ ಅಕ್ಷರ ಕುಗ್ಗಿವೆ, ಇನ್ನೊಂದರದ್ದು ಊದಿಕೊಂಡಿವೆ. ಎರಡು ದಿನ ತಲೆ ಕೆಡಿಸಿಕೊಂಡೆ. ಕಾರಣ ಒತ್ತು! ಸಾಫ್ಟ್‌ವೇರ್ ಬಗ್ಗಿಸೋದು ಅಕ್ಷರವನ್ನಲ್ಲ, ಅದರ ಸುತ್ತಲಿನ ಚೌಕಟ್ಟನ್ನು. 'ಸ್ತ' ಇರುವ ಸಾಲಿನ ಚೌಕಟ್ಟು ಒತ್ತಿನ ತುದಿಯವರೆಗೂ ಇಳಿಯುತ್ತದೆ. ಒತ್ತಿಲ್ಲದ ಸಾಲಿನದ್ದು ಇಳಿಯುವುದಿಲ್ಲ.

ಹಾಗಾದರೆ ಚೌಕಟ್ಟನ್ನು ನಾನೇ ಕಟ್ಟಿದರೆ? ಎರಡೂ ಸಾಲಿನ ತುದಿಗಳಲ್ಲಿ ಒಂದೇ ಎತ್ತರದ ಸಣ್ಣ ಪಟ್ಟಿ ನಿಲ್ಲಿಸಿದೆ. ತಲೆಕಟ್ಟಿನಿಂದ ಒತ್ತಿನ ತುದಿಯವರೆಗೆ. ಅಕ್ಷರದ ಜೊತೆ ಸೇರಿಸಿ ಒಂದೇ ಪಾತ್ (ಹೊರಗೆರೆ) ಮಾಡಿ ಬಗ್ಗಿಸಿದೆ. ಎರಡು ಸಾಲೂ ಒಂದೇ ಅಳತೆಗೆ ಬಂದವು. ಕೊನೆಗೆ ಪಟ್ಟಿಯ ನೋಡ್‌ಗಳನ್ನು, ಅಂದರೆ ಗೆರೆಯ ಆಕಾರ ಹಿಡಿದಿಡುವ ಚುಕ್ಕಿಗಳನ್ನು, ಅಳಿಸಿದರಾಯಿತು. ಸೇರಿಸುವಾಗ ಮಾತ್ರ ಕಂಬೈನ್ (ಒಳಗಿನ ಗೆರೆ ಹಾಗೇ ಉಳಿಯುತ್ತದೆ) ಬೇಡ, ಯೂನಿಯನ್ (ಒಂದರಲ್ಲೊಂದು ಬೆಸೆಯುತ್ತದೆ) ಮಾಡಿ. ಇಲ್ಲದಿದ್ದರೆ ಒತ್ತು ಅಕ್ಷರಕ್ಕೆ ತಾಗಿದ ಕಡೆ ವಿನೈಲ್ ಹಾಳೆ ಕತ್ತರಿಸುವ ಕಟರ್ ಯಂತ್ರ ಒಳಗೂ ಕುಯ್ಯುತ್ತದೆ.

ದುಡ್ಡು ಕಳೆದದ್ದು ಇದಾದ ಮೇಲೆ. ಪಾತ್ ಮಾಡಿದಾಗ ನೋಡ್‌ಗಳು ರಾಶಿ ರಾಶಿ, ಸುಮಾರು ಎರಡು ಸಾವಿರ ಇದ್ದವು. ಕಡಿಮೆ ಮಾಡೋಣ ಅಂತ ಗೆರೆ ಸರಳ ಮಾಡುವ ಕಂಟ್ರೋಲ್-ಎಲ್ ಕೀಲಿ ನಾಲ್ಕು ಸಲ ಟಪಟಪ ಒತ್ತಿದೆ. ಬೇಗ ಬೇಗ ಒತ್ತಿದಷ್ಟೂ ಅದು ಜಾಸ್ತಿ ಸವೆಸುತ್ತದೆ ಅನ್ನೋದು ಮರೆತಿದ್ದೆ. ಮೂಲೆಗಳೆಲ್ಲ ಸೋಪಿನ ಹಾಗೆ ಕರಗಿದ್ದವು, ನಾನು ಪರದೆಯಲ್ಲಿ ಗಮನಿಸಲಿಲ್ಲ. ಗಿರಾಕಿ ಬೋರ್ಡು ನೋಡಿದ ಕೂಡಲೇ ಬೇಡ ಎಂದರು. ಎರಡನೇ ಸಲದ ವಿನೈಲ್ ನನ್ನ ಜೇಬಿಂದ. ಕೂಲಿಯ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಯಿತು. ಈಗ ಒಂದೇ ಸಲ ಒತ್ತಿ, ಮಿಕ್ಕಿದ್ದನ್ನು ಕೈಯಲ್ಲೇ ತೆಗೆಯುತ್ತೇನೆ.

ನಡುವೆ ಒಂದು ಭಾನುವಾರ ಲ್ಯಾಟಿಸ್ ಎಂಬ ಇನ್ನೊಂದು ಬಗ್ಗಿಸುವ ಆಯ್ಕೆ ಹಿಡಿದು ಮೀನಿನ ಆಕಾರಕ್ಕೆ ಹೆಸರು ತುಂಬಿಸಿದೆ. ಚೆನ್ನಾಗೇ ಬಂತು. ಇನ್ನೊಮ್ಮೆ ಅದೇ ಥರ ಮಾಡೋಕೆ ಹೋದರೆ ಬರಲೇ ಇಲ್ಲ, ಬಿಟ್ಟೆ.

ಇನ್ನೊಂದು ಮಾತು. ಎತ್ತರಕ್ಕೆ ಎಳೆದ ಕಡೆ ತಲೆಕಟ್ಟು ದಪ್ಪಗಾಗುತ್ತದೆ, ನನ್ನದು ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ತೆಳು ಫಾಂಟ್ ತಗೊಂಡರೆ ಅರ್ಧ ಸರಿಹೋಗುತ್ತದೆ. ಉಳಿದ ಅರ್ಧಕ್ಕೆ ಏನು ಮಾಡುತ್ತೇನೆ ಅನ್ನೋದು ಇಲ್ಲಿ ಬರೆಯಲ್ಲ, ಹೊಟ್ಟೆಪಾಡು.

ಮೊನ್ನೆಯ ಬೋರ್ಡು ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಆಗಲ್ಲ ಎಂದಿದ್ದ ನಾಲ್ವರಲ್ಲಿ ಒಬ್ಬರು ಫೈಲ್ ಕೇಳಿದರು. ಕೊಟ್ಟೆ, ಪಟ್ಟಿಗಳನ್ನು ಅಳಿಸಿ.