ನಡುವಯಸ್ಸಿನಲ್ಲಿ ಪದವಿ: ವಿಷಯವನ್ನು ಆರಿಸಿಕೊಳ್ಳುವುದು ಹೇಗೆ?

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಟು ಅಥವಾ ಹಿಂದಿನ ಪ್ರಿ-ಡಿಗ್ರಿ ಮುಗಿಸಿ, ಮದುವೆ, ತೋಟದ ಕೆಲಸ, ಗಲ್ಫ್ ಉದ್ಯೋಗ ಇಲ್ಲವೇ ಮನೆಯ ಹೊಣೆಗಾರಿಕೆಯಿಂದಾಗಿ ಅಲ್ಲಿಗೇ ಓದು ನಿಲ್ಲಿಸಿದವರು ಬಹಳ ಮಂದಿ ಇದ್ದಾರೆ. ಮಕ್ಕಳು ದೊಡ್ಡವರಾದ ಮೇಲೋ ಊರಿಗೆ ಮರಳಿದ ಮೇಲೋ ಪದವಿ ಪೂರೈಸುವ ಆಸೆ ಮತ್ತೆ ಚಿಗುರಿದಾಗ, ‘ಯಾವ ವಿಷಯ ತೆಗೆದುಕೊಳ್ಳಲಿ’ ಎಂಬ ಪ್ರಶ್ನೆ ಮೊದಲು ಎದುರಾಗುತ್ತದೆ. ಹದಿನೆಂಟರ ಹರೆಯದವರಿಗೆ ಹೇಳುವ ಮಾತು ಇವರಿಗೆ ಸಾಲದು. ವಯೋಮಿತಿ, ದಿನದಲ್ಲಿ ಓದಿಗೆ ಸಿಗುವ ಬಿಡುವು, ಇವೆರಡಕ್ಕಿಂತಲೂ ಮುಖ್ಯವಾಗಿ ಪರೀಕ್ಷೆ ಬರೆಯಬೇಕಾದ ಭಾಷೆ, ಈ ಮೂರನ್ನು ತೂಗಿ ನೋಡದೆ ಆರಿಸಿದ ವಿಷಯವು ಎಷ್ಟೇ ಇಷ್ಟದ್ದಾದರೂ ಅರ್ಧದಲ್ಲಿ ಕೈಬಿಟ್ಟು ಹೋಗುವ ಸಾಧ್ಯತೆಯೇ ಹೆಚ್ಚು.

ಮೊದಲು ಹಳೆಯ ದಾಖಲೆಗಳನ್ನು ತೆಗೆಯಿರಿ

ಕಪಾಟಿನಲ್ಲಿರುವ ಅಂಕಪಟ್ಟಿಗಳನ್ನು ಹೊರತೆಗೆದು ನೋಡುವುದರಿಂದಲೇ ಕೆಲಸ ಆರಂಭವಾಗಲಿ. ಪ್ರಿ-ಡಿಗ್ರಿ ಪಾಸಾದವರು ಪ್ಲಸ್ ಟು ಇಲ್ಲವೆಂದು ಹಿಂಜರಿಯಬೇಕಾಗಿಲ್ಲ. ಅದನ್ನು ಪ್ಲಸ್ ಟುವಿಗೆ ಸಮಾನವೆಂದೇ ಪರಿಗಣಿಸಲಾಗುತ್ತದೆ. ಹತ್ತನೆಯ ತರಗತಿಯಲ್ಲೇ ಓದು ನಿಂತವರು ಸಾಕ್ಷರತಾ ಮಿಷನಿನ ಹೈಯರ್ ಸೆಕೆಂಡರಿ ತತ್ಸಮಾನ ಪರೀಕ್ಷೆಯ ಮೂಲಕವೋ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕವೋ ಆ ಮೆಟ್ಟಿಲನ್ನು ಏರಿದ ಬಳಿಕವಷ್ಟೇ ಪದವಿಯ ಕಡೆಗೆ ಬರಬೇಕು. ಡಿಗ್ರಿಯಲ್ಲಿ ಎರಡು ವರ್ಷ ಓದಿ ಬಿಟ್ಟವರಾದರೆ ಹೊಸದಾಗಿ ಸೇರುವ ಮೊದಲು, ಉಳಿದ ಪೇಪರುಗಳನ್ನು ಬರೆದು ಹಳೆಯ ಪದವಿಯನ್ನೇ ಪೂರೈಸಲು ದಾರಿ ಇದೆಯೇ ಎಂದು ವಿಚಾರಿಸಬೇಕು. ವಿಶ್ವವಿದ್ಯಾನಿಲಯಗಳು ಕೆಲವೊಮ್ಮೆ ‘ಮರ್ಸಿ ಚಾನ್ಸ್’, ಅಂದರೆ ಅವಧಿ ಮೀರಿದವರಿಗೂ ಪರೀಕ್ಷೆ ಬರೆಯುವ ವಿಶೇಷ ಅವಕಾಶ, ಘೋಷಿಸುವುದುಂಟು. ಇಲ್ಲಿ ಒಂದು ಸೂಕ್ಷ್ಮವಿದೆ. ಕಣ್ಣೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1996ರಲ್ಲಿ. ಅದಕ್ಕಿಂತ ಮೊದಲು ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಡಿಗ್ರಿಗೆ ಸೇರಿದ್ದವರ ದಾಖಲೆ ಕ್ಯಾಲಿಕಟ್ ವಿಶ್ವವಿದ್ಯಾನಿಲಯದ್ದಾಗಿರುತ್ತದೆ. ಆದ್ದರಿಂದ ಅಂಕಪಟ್ಟಿಯ ತಲೆಬರಹದಲ್ಲಿರುವ ಹೆಸರನ್ನು ನೋಡಿಯೇ ವಿಚಾರಣೆಗೆ ಹೊರಡಬೇಕು.

ಪದವಿ ಯಾತಕ್ಕೆ ಎಂಬುದನ್ನು ವಯಸ್ಸಿನೊಂದಿಗೆ ಸೇರಿಸಿ ನೋಡಿ

ಉದ್ಯೋಗಕ್ಕಾಗಿ ಓದುವವರು ಒಂದು ಹಾಳೆಯಲ್ಲಿ ತಮ್ಮ ಇಂದಿನ ವಯಸ್ಸನ್ನು ಬರೆದು, ಕೋರ್ಸಿನ ವರ್ಷಗಳನ್ನು ಅದರ ಕೆಳಗೆ ಕೂಡಿಸಬೇಕು. ಕೇರಳ ಲೋಕಸೇವಾ ಆಯೋಗದ (ಪಿ.ಎಸ್.ಸಿ.) ಮೂಲಕ ತುಂಬುವ ಸೆಕ್ರೆಟೇರಿಯಟ್ ಅಸಿಸ್ಟೆಂಟ್‌ನಂತಹ ಹುದ್ದೆಗಳಿಗೆ ಸಾಮಾನ್ಯ ವರ್ಗದ ಗರಿಷ್ಠ ವಯಸ್ಸು 36. ಇತರ ಹಿಂದುಳಿದ ವರ್ಗದವರಿಗೆ 3 ವರ್ಷ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5 ವರ್ಷ ಸಡಿಲಿಕೆ ಇದೆ. ಹೈಸ್ಕೂಲು ಶಿಕ್ಷಕರ ಹುದ್ದೆಗೆ ಮಿತಿ 40. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿಸುವ ಹಂಬಲದಿಂದ ಕನ್ನಡವನ್ನೇ ಮುಖ್ಯ ವಿಷಯವಾಗಿ ಆರಿಸುವವರು ಪದವಿಗೆ 3 ವರ್ಷ, ಬಿ.ಎಡ್.ಗೆ 2 ವರ್ಷ, ಕೆ-ಟೆಟ್ ಎಂಬ ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆಗೆ ಮತ್ತು ಅಧಿಸೂಚನೆಗಾಗಿ ಕಾಯುವುದಕ್ಕೆ ಇನ್ನಷ್ಟು ಸಮಯ ಬೇಕೆಂಬುದನ್ನು ಲೆಕ್ಕ ಹಿಡಿಯಬೇಕು. ಸಡಿಲಿಕೆ ಇಲ್ಲದ ವರ್ಗದವರಿಗೆ ಮೂವತ್ತಮೂರರಲ್ಲಿ ಸುಗಮವಾಗಿರುವ ಈ ದಾರಿ ಮೂವತ್ತೆಂಟರಲ್ಲಿ ಮುಚ್ಚಿರುತ್ತದೆ. ಬಿ.ಎಡ್. ಪ್ರವೇಶಕ್ಕೆ ಪದವಿಯಲ್ಲಿ ಸಾಮಾನ್ಯವಾಗಿ ಶೇಕಡಾ 50 ಅಂಕಗಳೂ ಬೇಕಾದ್ದರಿಂದ, ಕಷ್ಟಪಟ್ಟು ಪಾಸಾಗುವ ವಿಷಯಕ್ಕಿಂತ ಒಳ್ಳೆಯ ಅಂಕ ಪಡೆಯಬಲ್ಲ ವಿಷಯವೇ ಇಲ್ಲಿ ಲೇಸು.

ವಯಸ್ಸು ಮೀರಿದೆಯೆಂದ ಮಾತ್ರಕ್ಕೆ ಪದವಿ ವ್ಯರ್ಥವಲ್ಲ. ಈಗಾಗಲೇ ಇರುವ ಕೆಲಸದಲ್ಲಿ ಮುಂದೆ ಹೋಗಲು ಯಾವ ವಿಷಯ ನೆರವಾಗುತ್ತದೆ ಎಂದು ನೋಡುವುದು ಆಗ ಹೆಚ್ಚು ಫಲಕಾರಿ. ಅನುಭವವಿರುವ ಅಂಗನವಾಡಿ ಕಾರ್ಯಕರ್ತೆಯರಿಗೆ ಸೂಪರ್‌ವೈಸರ್ ಹುದ್ದೆಗೆ ಪ್ರತ್ಯೇಕ ಅವಕಾಶವಿರುವುದರಿಂದ, ಅವರು ತಮ್ಮ ವಿಭಾಗದ ಅಧಿಸೂಚನೆಯನ್ನು ಓದಿದ ಮೇಲೆ ವಿಷಯವನ್ನು ನಿರ್ಧರಿಸಬೇಕು. ಹಳ್ಳಿಹಳ್ಳಿಗೂ ಸೇವಾ ಸಹಕಾರಿ ಬ್ಯಾಂಕು ಇರುವ ನಮ್ಮ ಜಿಲ್ಲೆಯಲ್ಲಿ ಸಹಕಾರ ವಿಷಯವಿರುವ ಬಿ.ಕಾಂ. ಪದವಿಗೆ ವಿಶೇಷ ಬೆಲೆಯಿದೆ. ಸಹಕಾರಿ ಸಂಘಗಳ ಜೂನಿಯರ್ ಕ್ಲರ್ಕ್ ಹುದ್ದೆಗೆ ಎಸ್.ಎಸ್.ಎಲ್.ಸಿ.ಯ ಜತೆಗೆ ಜೆ.ಡಿ.ಸಿ. ಎಂಬ ಸಹಕಾರ ಡಿಪ್ಲೊಮಾ ಬೇಕು. ಸಹಕಾರವನ್ನು ಐಚ್ಛಿಕವಾಗಿ ಓದಿದ ಬಿ.ಕಾಂ. ಪದವೀಧರರಿಗೆ ಆ ಡಿಪ್ಲೊಮಾದ ಅಗತ್ಯವಿಲ್ಲ. ಬರೀ ‘ಬಿ.ಕಾಂ.’ ಎಂದು ನೋಡಿ ಬೇರೆ ಐಚ್ಛಿಕಕ್ಕೆ ಸೇರಿದರೆ ಈ ಲಾಭ ಕೈತಪ್ಪುತ್ತದೆ.

ಓದಬೇಕೆಂಬ ಆಸೆಯೊಂದೇ ಕಾರಣವಾಗಿದ್ದರೆ ಅದೂ ಪೂರ್ಣ ಕಾರಣವೇ. ಅದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಮೂರು ಗಂಟೆ ಯಾವ ಭಾಷೆಯಲ್ಲಿ ಬರೆಯಬಲ್ಲಿರಿ?

ಗಡಿನಾಡಿನ ಕನ್ನಡಿಗರ ಮಟ್ಟಿಗೆ ವಿಷಯದ ಆಯ್ಕೆಯನ್ನು ನಿರ್ಧರಿಸುವ ನಿಜವಾದ ಪ್ರಶ್ನೆ ಇದು. ಎಸ್.ಎಸ್.ಎಲ್.ಸಿ.ವರೆಗೆ ಕನ್ನಡದಲ್ಲಿ ಓದಿ, ಪೇಟೆಯಲ್ಲಿ ಮಲಯಾಳ ಮಾತನಾಡಿ, ಮನೆಯಲ್ಲಿ ತುಳು, ಹವ್ಯಕ, ಕರಾಡ, ಕೊಂಕಣಿ ಅಥವಾ ಮರಾಠಿ ಆಡುವವರಿಗೆ ಮಾತಿಗೆ ಭಾಷೆಗಳ ಕೊರತೆಯಿಲ್ಲ; ಆದರೆ ಸಮಾಜಶಾಸ್ತ್ರದ ಒಂದು ಪ್ರಬಂಧವನ್ನು ಮಲಯಾಳ ಲಿಪಿಯಲ್ಲಿ ತಪ್ಪಿಲ್ಲದೆ ಬರೆಯುವುದು ಬೇರೆಯೇ ಸಾಮರ್ಥ್ಯ. ವಿಷಯ ಗೊತ್ತಿದ್ದೂ ಅದನ್ನು ಕಾಗದಕ್ಕೆ ಇಳಿಸಲಾಗದೆ ಸೋಲುವುದು ದುಃಖದ ಸಂಗತಿ, ಮತ್ತು ಅದನ್ನು ಮೊದಲೇ ತಪ್ಪಿಸಲು ಸಾಧ್ಯವಿದೆ.

ಕೊಲ್ಲಂ ಕೇಂದ್ರವಾಗಿ 2020ರಲ್ಲಿ ಆರಂಭವಾದ ಶ್ರೀನಾರಾಯಣಗುರು ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಬಿ.ಕಾಂ. ಮುಂತಾದ ಪದವಿಗಳಿವೆ, ಅಲ್ಲಿಗೆ ಸೇರುವ ಕನ್ನಡ ಮಾಧ್ಯಮದವರು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಬರೆಯುವ ಸಿದ್ಧತೆ ಮಾಡಿಕೊಳ್ಳಬೇಕು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ, ಅಂದರೆ ಇಗ್ನೋದ ಪಠ್ಯಸಾಮಗ್ರಿ ಹೆಚ್ಚಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ. ನಮ್ಮ ಜಿಲ್ಲೆ ಅದರ ವಡಗರ ಪ್ರಾದೇಶಿಕ ಕೇಂದ್ರಕ್ಕೆ ಸೇರುತ್ತದೆ. ಕನ್ನಡದಲ್ಲೇ ಬಿ.ಎ. ಬರೆಯಲು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಅನುಕೂಲಕರ. ಆದರೆ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಗಳ ಕಲಿಕಾ ಕೇಂದ್ರಗಳು ಆಯಾ ರಾಜ್ಯದೊಳಗೆ ಮಾತ್ರ ಇರಬೇಕೆಂಬ ನಿಯಮವಿರುವುದರಿಂದ ತರಗತಿ ಮತ್ತು ಪರೀಕ್ಷೆಗೆ ಮಂಗಳೂರಿನ ಕಡೆಗೆ ಹೋಗಬೇಕಾಗುತ್ತದೆ. ಮುಂದೆ ಕೇರಳದಲ್ಲೇ ಬಿ.ಎಡ್. ಅಥವಾ ಸ್ನಾತಕೋತ್ತರ ಓದುವ ಯೋಚನೆ ಇದ್ದರೆ, ಹೊರರಾಜ್ಯದ ಪದವಿಗೆ ಅರ್ಹತಾ ಪ್ರಮಾಣಪತ್ರ ಬೇಕೇ ಎಂಬುದನ್ನು ಕಣ್ಣೂರು ವಿಶ್ವವಿದ್ಯಾನಿಲಯದಿಂದ ಸೇರುವ ಮೊದಲೇ ಬರಹದಲ್ಲಿ ತಿಳಿದುಕೊಳ್ಳುವುದು ಕ್ಷೇಮ. ಹಗಲಿನಲ್ಲಿ ಬಿಡುವಿರುವವರಿಗೆ 1957ರಲ್ಲಿ ಸ್ಥಾಪನೆಯಾದ ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗವಿದೆ. ಪದವಿಯ ಬಳಿಕ ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಓದುವ ಅವಕಾಶವೂ ಜಿಲ್ಲೆಯೊಳಗೇ ಇದೆ.

ಪ್ರಶ್ನೆಪತ್ರಿಕೆಯನ್ನು ಎದುರಿಗಿಟ್ಟು ಪರೀಕ್ಷಿಸಿಕೊಳ್ಳಿ

ಮನಸ್ಸಿನಲ್ಲಿ ಎರಡು ವಿಷಯಗಳು ಉಳಿದಾಗ, ಅವುಗಳ ಪಠ್ಯಕ್ರಮವನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ವಿಶ್ವವಿದ್ಯಾನಿಲಯದ ಜಾಲತಾಣದಿಂದ ಇಳಿಸಿಕೊಂಡು ಅಕ್ಷಯ ಎಂಬ ಆನ್‌ಲೈನ್ ಸೇವಾ ಕೇಂದ್ರದಲ್ಲಿ ಪ್ರಿಂಟ್ ತೆಗೆಸಿ. ಮೊದಲ ಸೆಮಿಸ್ಟರಿನದ್ದು ಮಾತ್ರವಲ್ಲದೆ ಕೊನೆಯ ವರ್ಷದ್ದೂ ಇರಲಿ, ಏಕೆಂದರೆ ವಿಷಯದ ನಿಜವಾದ ಸ್ವರೂಪ ತಿಳಿಯುವುದು ಅಲ್ಲಿ. ಅರ್ಥಶಾಸ್ತ್ರವೆಂದರೆ ಬೆಲೆಯೇರಿಕೆ, ಅಡಿಕೆ ಧಾರಣೆ, ಬಜೆಟ್ಟುಗಳ ಚರ್ಚೆಯೆಂದು ಭಾವಿಸಿ ಸೇರಿದವರಿಗೆ ಬೇಡಿಕೆ ಮತ್ತು ಪೂರೈಕೆಯ ರೇಖೆಗಳು, ಸಂಖ್ಯಾಶಾಸ್ತ್ರ, ಗಣಿತದ ಸೂತ್ರಗಳು ಅನಿರೀಕ್ಷಿತವಾಗಿ ಎದುರಾಗುತ್ತವೆ. ಇತಿಹಾಸದಲ್ಲಿ ಲೆಕ್ಕವಿಲ್ಲ, ಆದರೆ ಓದಬೇಕಾದ ಪುಟಗಳೂ ಬರೆಯಬೇಕಾದ ಪುಟಗಳೂ ಹೆಚ್ಚು.

ಪ್ರಿಂಟ್ ಕೈಗೆ ಬಂದ ಮೇಲೆ, ಮನೆಯ ಕೆಲಸವೆಲ್ಲ ಮುಗಿದು ನೀವು ನಿಜವಾಗಿಯೂ ಓದಲು ಕುಳಿತುಕೊಳ್ಳಬಹುದಾದ ಹೊತ್ತಿನಲ್ಲೇ, ಅದು ರಾತ್ರಿ ಒಂಬತ್ತೂವರೆಯೇ ಆಗಿರಲಿ, ಒಂದು ಅಧ್ಯಾಯವನ್ನು ಓದಿ. ಮರುದಿನ ಅದೇ ಹೊತ್ತಿಗೆ ಪುಸ್ತಕ ಮುಚ್ಚಿಟ್ಟು, ಪರೀಕ್ಷೆಯ ಭಾಷೆಯಲ್ಲಿ ಆ ಅಧ್ಯಾಯದ ಒಂದು ಪ್ರಶ್ನೆಗೆ ಅರ್ಧ ಗಂಟೆ ಕೈಬರಹದಲ್ಲಿ ಉತ್ತರ ಬರೆಯಿರಿ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಬೆರಳು ನೋಯುವುದು, ಅಕ್ಷರ ಕೆಡುವುದು ಸಹಜ. ಬಹಳ ಕಾಲದಿಂದ ಪೆನ್ನು ಹಿಡಿಯದವರಿಗೆ ಅದು ಅಭ್ಯಾಸದಿಂದ ಸರಿಹೋಗುತ್ತದೆ. ಗಮನಿಸಬೇಕಾದದ್ದು ಬೇರೆ: ವಿಷಯ ಮರೆತುಹೋಗಿ ಬರವಣಿಗೆ ನಿಂತಿತೇ, ಅಥವಾ ಹೇಳಬೇಕಾದದ್ದು ಗೊತ್ತಿದ್ದೂ ಪದ ಸಿಗದೆ ನಿಂತಿತೇ? ಮೊದಲನೆಯದಕ್ಕೆ ಪುನರಾವರ್ತನೆ ಪರಿಹಾರ. ಎರಡನೆಯದಾದರೆ ಬೇರೆ ವಿಷಯವನ್ನೋ ಬೇರೆ ವಿಶ್ವವಿದ್ಯಾನಿಲಯವನ್ನೋ ಆಲೋಚಿಸಿ. ಎರಡೂ ವಿಷಯಗಳಲ್ಲಿ ಹೀಗೆ ಬರೆದು ನೋಡಿದಾಗ ಯಾವುದರ ಅಧ್ಯಾಯವನ್ನು ಮುಂದಕ್ಕೆ ಓದಬೇಕೆನಿಸಿತೋ ಅದರ ಕಡೆಗೆ ಒಲಿಯುವುದು, ಬಂಧುಗಳ ಸಲಹೆಗಿಂತ ಭದ್ರವಾದ ಆಧಾರ ಎಂಬುದು ನನ್ನ ದೃಢ ಅಭಿಪ್ರಾಯ.

ಮಾನ್ಯತೆ ನೋಡಿ, ಬಳಿಕ ಶುಲ್ಕ ಕಟ್ಟಿ

ಎಲ್ಲ ವಿಷಯಗಳನ್ನೂ ದೂರಶಿಕ್ಷಣದಲ್ಲಿ ಓದಲಾಗುವುದಿಲ್ಲ. ಕಾನೂನು, ನರ್ಸಿಂಗ್, ಎಂಜಿನಿಯರಿಂಗ್, ಕೃಷಿ ಪದವಿಗಳಿಗೆ ತರಗತಿಗೆ ಹೋಗಲೇಬೇಕು. ಕೌನ್ಸೆಲಿಂಗ್ ಮಾಡುವ ಆಸೆಯಿಂದ ಮನಃಶಾಸ್ತ್ರವನ್ನು ಕೇಳುವ ಗೃಹಿಣಿಯರು ಮುಖ್ಯವಾಗಿ ಗಮನಿಸಬೇಕು: 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರ, ಆಹಾರ ಮತ್ತು ಪೋಷಣೆಯಂತಹ ವಿಷಯಗಳನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ನಡೆಸಬಾರದೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯು.ಜಿ.ಸಿ.) ತೀರ್ಮಾನಿಸಿದೆ. ‘ಮನೆಯಲ್ಲೇ ಕುಳಿತು ಸೈಕಾಲಜಿ ಡಿಗ್ರಿ’ ಎಂಬ ಜಾಹೀರಾತು ಕಂಡರೆ ಹಣ ಕಟ್ಟದಿರಿ. ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇದ್ದರೆ ಸಾಲದು. ನೀವು ಆರಿಸಿದ ಕೋರ್ಸು, ನೀವು ಸೇರುವ ವರ್ಷಕ್ಕೆ, ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಇರಬೇಕು. ದೂರಶಿಕ್ಷಣಕ್ಕೆ ಸೇರುವವರು ಅದೇ ವಿಭಾಗದ ಜಾಲತಾಣದಲ್ಲಿ ಡೆಬ್ ಐ.ಡಿ. ಎಂಬ ಗುರುತಿನ ಸಂಖ್ಯೆಯನ್ನೂ ಮಾಡಿಸಿಕೊಳ್ಳಬೇಕು. ಆಧಾರಿನಲ್ಲೂ ಎಸ್.ಎಸ್.ಎಲ್.ಸಿ. ಪುಸ್ತಕದಲ್ಲೂ ಹೆಸರು ಒಂದೇ ರೀತಿ ಇಲ್ಲದಿದ್ದರೆ, ಮದುವೆಯ ಬಳಿಕ ಹೆಸರು ಬದಲಿಸಿದವರಿಗೆ ವಿಶೇಷವಾಗಿ, ಇಲ್ಲಿ ತೊಡಕಾಗಬಹುದು. ಪ್ರವೇಶ ಆರಂಭವಾಗುವ ಮೊದಲೇ ತಿದ್ದಿಸಿಡಿ.

ಕಾಲೇಜಿಗೆ ಹೋಗಿ ಓದುವವರಿಗೆ ಒಂದು ನೆಮ್ಮದಿಯಿದೆ. 2024ರಿಂದ ಕೇರಳದ ಕಾಲೇಜುಗಳಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ಪದವಿ ಕ್ರಮದಲ್ಲಿ 133 ಕ್ರೆಡಿಟ್ (ಓದಿದ ಕೋರ್ಸುಗಳಿಗೆ ಸಿಗುವ ಅಂಕಮಾನ) ಗಳಿಸಿ ಮೂರು ವರ್ಷಕ್ಕೇ ಪದವಿ ಪಡೆದು ಹೊರಬರಬಹುದು, 177 ಕ್ರೆಡಿಟ್‌ಗಳೊಂದಿಗೆ ನಾಲ್ಕನೆಯ ವರ್ಷ ಮುಗಿಸಿದರೆ ಆನರ್ಸ್ ಸಿಗುತ್ತದೆ. ಮೊದಲ ವರ್ಷದ ಕೊನೆಯಲ್ಲಿ ಸೀಟು ಲಭ್ಯವಿದ್ದರೆ ಮೇಜರ್, ಅಂದರೆ ಮುಖ್ಯ ವಿಷಯವನ್ನು ಬದಲಿಸಿಕೊಳ್ಳುವ ಅವಕಾಶವನ್ನೂ ಈ ಕ್ರಮ ಇಟ್ಟಿದೆ. ಆ ಬದಲಾವಣೆ ಸಾಮಾನ್ಯವಾಗಿ ಮೊದಲ ಎರಡು ಸೆಮಿಸ್ಟರುಗಳಲ್ಲಿ ಓದಿದ ವಿಷಯಗಳೊಳಗೇ ಆಗಬೇಕಾದ್ದರಿಂದ, ಮನಸ್ಸಿನಲ್ಲಿ ಉಳಿದ ಎರಡನೆಯ ವಿಷಯವನ್ನು ಪ್ರವೇಶದ ಸಮಯದಲ್ಲೇ ಮೈನರ್, ಅಂದರೆ ಉಪವಿಷಯವಾಗಿ ತೆಗೆದುಕೊಂಡಿರಿ.